ಪ್ರಧಾನಿ ಅಗಾಥ್ ಅವರನ್ನು ಕೊಲ್ಲೋಕೆ ಶುರು ಮಾಡಿದ್ದು ಯಾವಾಗ?



ಉದ್ದದ ಪೋಸ್ಟ್ ಇದು. ಬಸ್ಸಲ್ಲಿ ನಿಂತುಕೊಂಡು ಓದೋಕೆ ಆಗಲ್ಲ, ಬಿಡುವಾದಾಗ ಓದಿ.

ಹೋದ ವಾರ ಹಾಸ್ಟೆಲಿನ ಹುಡುಗನೊಬ್ಬ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿ, "ಅಕ್ಕಾ, ಇದು ನಿಜಾನಾ?" ಅಂತ ಕೇಳಿದ. ಅದರಲ್ಲಿದ್ದಿದ್ದು ಇಷ್ಟು. ಆಫ್ರಿಕಾದ ರುವಾಂಡಾ ದೇಶದಲ್ಲಿ ಒಬ್ಬ ಮಹಿಳಾ ಪ್ರಧಾನಿ ಇದ್ದರಂತೆ, ಅವರು ಕೋಟಾ ಕಿತ್ತುಹಾಕಿ ಮೆರಿಟ್ ತಂದರಂತೆ, ಅದಕ್ಕೇ ಕೋಟಾದವರು ಸೇರಿ ಅವರನ್ನು ಕೊಂದರಂತೆ, ಮೀಸಲಾತಿ ಒಂದು ದೇಶವನ್ನು ಎಲ್ಲಿಗೆ ತಂದು ನಿಲ್ಲಿಸುತ್ತೆ ನೋಡಿ ಅಂತ. ಕೊನೆಗೆ ಎರಡು ಕೈಮುಗಿಯೋ ಎಮೋಜಿ.

ಜಾಣರು ಪೂರ್ತಿ ಸುಳ್ಳು ಹೇಳಲ್ಲ. ಪ್ರಧಾನಿ ಇದ್ದಿದ್ದು ನಿಜ, ಕೋಟಾ ತೆಗೆದಿದ್ದು ನಿಜ, ಕೊಂದಿದ್ದೂ ನಿಜ. ಆದರೆ ಯಾರ ಕೋಟಾ, ಯಾರು ಕೊಂದರು, ಹೇಗೆ ಕೊಂದರು ಅನ್ನೋದನ್ನು ಮುಚ್ಚಿಟ್ಟರೆ ಮೂರು ನಿಜ ಸೇರಿ ಒಂದು ದೊಡ್ಡ ಸುಳ್ಳಾಗುತ್ತೆ. ಆ ಹುಡುಗನಿಗೆ ಫೋನಲ್ಲಿ ಹತ್ತು ನಿಮಿಷ ಹೇಳಿದೆ. ಸಾಲಲಿಲ್ಲ ಅನ್ನಿಸಿತು. ಇವತ್ತು ಏಪ್ರಿಲ್ 7. 1994ರ ಇದೇ ದಿನ ಬೆಳಿಗ್ಗೆ ರುವಾಂಡಾದ ಮೊದಲ ಮಹಿಳಾ ಪ್ರಧಾನಿ ಅಗಾಥ್ ಉವಿಲಿಂಗಿಯಿಮಾನ ಅವರನ್ನು ಅವರದೇ ದೇಶದ ಸೈನಿಕರು ಗುಂಡಿಟ್ಟು ಕೊಂದರು. ಅದಕ್ಕೇ ಇವತ್ತೇ ಬರೀತಾ ಇದ್ದೀನಿ.

ಮೊದಲು ಆ ದೇಶದ ಕತೆ ಸ್ವಲ್ಪ ಹೇಳಬೇಕು. ರುವಾಂಡಾ ನಮ್ಮ ಕರ್ನಾಟಕದ ಏಳನೇ ಒಂದು ಭಾಗದಷ್ಟಿರೋ ಗುಡ್ಡಗಳ ನಾಡು. ಜನರಲ್ಲಿ ಮೂರು ಗುಂಪು: ಸುಮಾರು 85 ಭಾಗ ಹುಟು, 14 ಭಾಗ ಟುಟ್ಸಿ, 1 ಭಾಗ ಟ್ವಾ. ಮಾತಾಡೋದು ಒಂದೇ ಭಾಷೆ, ಹೋಗೋದು ಅದೇ ಚರ್ಚಿಗೆ, ಇರೋದು ಅದೇ ಗುಡ್ಡದಲ್ಲಿ. 1994ರಲ್ಲಿ ಜಗತ್ತಿನ ಪತ್ರಿಕೆಗಳು "ಬುಡಕಟ್ಟು ಕಾದಾಟ" ಅಂತ ಬರೆದು ಕೈತೊಳೆದುಕೊಂಡವಲ್ಲ, ಅಷ್ಟು ಸರಳ ಅಲ್ಲ ಅದು. ದನ ಇದ್ದವರು, ಹೊಲ ಉಳುವವರು ಅನ್ನೋ ಹಳೇ ವ್ಯತ್ಯಾಸ ಇತ್ತು, ಟುಟ್ಸಿ ಅರಸರ ದರ್ಪವೂ ಇತ್ತು. ಆದರೆ ಅದನ್ನು ಕಲ್ಲಿನ ಮೇಲೆ ಕೆತ್ತಿದ್ದು ಯುರೋಪಿನವರು. ಬೆಲ್ಜಿಯಂ ಆಡಳಿತ ಮೂಗು ಅಳೆಯಿತು, ಎತ್ತರ ಅಳೆಯಿತು, ಟುಟ್ಸಿಗಳು ಆಳೋಕೇ ಹುಟ್ಟಿದವರು, ಉತ್ತರದಿಂದ ಬಂದ ಮೇಲಿನ ಕುಲ ಅಂತ ತೀರ್ಮಾನ ಮಾಡಿತು. 1930ರ ದಶಕದಲ್ಲಿ ಪ್ರತಿಯೊಬ್ಬರಿಗೂ ಗುರುತಿನ ಚೀಟಿ ಕೊಟ್ಟು ಅದರಲ್ಲಿ ಹುಟು, ಟುಟ್ಸಿ, ಟ್ವಾ ಅಂತ ಬರೆಯಿತು.

ಮೂಗು ಅಳೆಯೋ ವಿದ್ಯೆ ನಮಗೆ ಹೊಸದಲ್ಲ. ಇಲ್ಲಿ ರಿಸ್ಲಿ ಅನ್ನೋ ಬ್ರಿಟಿಷ್ ಅಧಿಕಾರಿ ಜಾತಿವಾರು ಮೂಗು ಅಳೆಸಿ, ಮೂಗಿನ ಅಗಲಕ್ಕೂ ಜಾತಿಯ ಮೇಲುಕೀಳಿಗೂ ಗಂಟು ಹಾಕಿದ್ದ. 1901ರ ಜನಗಣತಿಯ ಉಸ್ತುವಾರಿಯೂ ಅವನದೇ. ಬಾಬಾಸಾಹೇಬರು 1948ರ ತಮ್ಮ ಪುಸ್ತಕದಲ್ಲಿ ಅದೇ ಮೂಗಿನ ಅಳತೆಗಳನ್ನು ಎತ್ತಿಕೊಂಡು, ಬ್ರಾಹ್ಮಣ ಮತ್ತು ಅಸ್ಪೃಶ್ಯ ಬೇರೆ ಬೇರೆ ಜನಾಂಗ ಅನ್ನೋ ವಾದವನ್ನೇ ತಲೆಕೆಳಗು ಮಾಡಿದರು. ರುವಾಂಡಾದಲ್ಲಿ ಹಾಗೆ ತಲೆಕೆಳಗು ಮಾಡೋರಿಗಿಂತ, ಅದೇ ಅಳತೆಯನ್ನು ತಿರುಗಿಸಿ ಹಿಡಿದುಕೊಂಡವರು ಗೆದ್ದರು. "ಟುಟ್ಸಿಗಳು ಹೊರಗಿಂದ ಬಂದವರು" ಅಂತ ಬಿಳಿಯರು ಹೊಗಳೋಕೆ ಹೇಳಿದ ಮಾತನ್ನೇ ಇವರು "ಹಾಗಾದರೆ ಹೊರಗೆ ಹೋಗಲಿ" ಅಂತ ಓದಿಕೊಂಡರು.

ಇನ್ನು ಟ್ವಾ ಜನ. ಇವರ ಬಗ್ಗೆ ಯಾರೂ ಮಾತಾಡಲ್ಲ, ನಾವಾದರೂ ಮಾತಾಡಬೇಕು. ಕಾಡಲ್ಲಿ ಬೇಟೆಯಾಡ್ತಾ ಇದ್ದವರು, ಆಮೇಲೆ ಮಡಕೆ ಮಾಡಿ ಬದುಕಿದವರು. ಹುಟು ಆಗಲಿ ಟುಟ್ಸಿ ಆಗಲಿ ಇವರ ಜೊತೆ ಕೂತು ಉಣ್ತಿರಲಿಲ್ಲ, ಇವರು ಕುಡಿದ ಪಾತ್ರೆಯಲ್ಲಿ ಕುಡೀತಿರಲಿಲ್ಲ. ಇವರು ಮಾಡಿದ ಮಡಕೆ ಮಾತ್ರ ಎಲ್ಲರ ಮನೆಗೂ ಬೇಕಿತ್ತು. ಓದ್ತಾ ಇದ್ದ ಹಾಗೇ ನಿಮಗೆ ನಿಮ್ಮೂರು ಕಣ್ಣಮುಂದೆ ಬಂದಿರುತ್ತೆ. 1994ರಲ್ಲಿ ಇವರೂ ಬಹಳ ಮಂದಿ ಸತ್ತರು.

1959ರಿಂದ ಟುಟ್ಸಿಗಳ ಮೇಲೆ ದಾಳಿ ಶುರುವಾಯಿತು, ಲಕ್ಷಾಂತರ ಜನ ಅಕ್ಕಪಕ್ಕದ ದೇಶಗಳಿಗೆ ಓಡಿದರು. 1962ರಲ್ಲಿ ಸ್ವಾತಂತ್ರ್ಯ ಬಂತು, 1973ರಲ್ಲಿ ಉತ್ತರ ಭಾಗದ ಹಬ್ಯಾರಿಮಾನ ಅನ್ನೋ ಸೇನಾಧಿಕಾರಿ ದಂಗೆ ಎದ್ದು ಅಧ್ಯಕ್ಷನಾದ. ಅವನ ಕಾಲದಲ್ಲಿ ಗಟ್ಟಿಯಾಗಿದ್ದೇ ಆ ಫಾರ್ವರ್ಡಿನಲ್ಲಿ ಹೇಳೋ ಕೋಟಾ.

ಸ್ವಲ್ಪ ನಿಧಾನವಾಗಿ ಓದಿ, ಇದು ಮುಖ್ಯ. ಅಲ್ಲಿನ ಭಾಷೆಯಲ್ಲಿ ಅದರ ಹೆಸರು ಇರಿಂಗಾನಿಜಾ, ಸಮತೋಲನ ಅಂತ ಅರ್ಥ. ಹೈಸ್ಕೂಲು, ಕಾಲೇಜು, ಸರ್ಕಾರಿ ಕೆಲಸದಲ್ಲಿ ಟುಟ್ಸಿಗಳು ನೂರಕ್ಕೆ ಹತ್ತರ ಆಸುಪಾಸು ದಾಟಬಾರದು. ದಾಟಬಾರದು ಅನ್ನೋ ಪದ ಗಮನಿಸಿ. ವಸಾಹತು ಕಾಲದಲ್ಲಿ ಶಾಲೆ, ಹುದ್ದೆ ಎಲ್ಲ ಟುಟ್ಸಿ ಮೇಲ್ವರ್ಗದವರ ಪಾಲಾಗಿತ್ತು, ಹುಟು ರೈತರ ಮಕ್ಕಳು ಹೊರಗುಳಿದಿದ್ದರು ಅನ್ನೋದು ಸತ್ಯವೇ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಅಧಿಕಾರ, ಸೈನ್ಯ, ಪೊಲೀಸು, ಆಡಳಿತ ಪಕ್ಷ ಎಲ್ಲ ಕೈಗೆ ಬಂದ ಮೇಲೂ, 20 ವರ್ಷ ಆದಮೇಲೂ ಇದು ನಡೆದಿದ್ದು ಯಾರಿಗೋಸ್ಕರ? ಜನಾಂಗದ ಲೆಕ್ಕದ ಜೊತೆ ಪ್ರದೇಶದ ಲೆಕ್ಕವೂ ಇತ್ತು. ಅಧ್ಯಕ್ಷನ ಊರಿರೋ ಉತ್ತರದ ಜಿಲ್ಲೆಗಳಿಗೆ ಹೆಚ್ಚು, ದಕ್ಷಿಣಕ್ಕೆ ಕಮ್ಮಿ. ದಕ್ಷಿಣದ ಹುಟು ಬಡವನ ಮಗಳು ಎಷ್ಟೇ ಚೆನ್ನಾಗಿ ಓದಿದರೂ ಬಾಗಿಲು ಮುಚ್ಚಿರುತ್ತಿತ್ತು.

ನಮ್ಮ ಮೀಸಲಾತಿ ಏನು ಹೇಳುತ್ತೆ? ನೂರಾರು ವರ್ಷ ಬಾಗಿಲ ಹೊರಗೆ ನಿಲ್ಲಿಸಿದವರಿಗೆ ಇಷ್ಟು ಜಾಗವಾದರೂ ಸಿಗಲೇಬೇಕು ಅನ್ನುತ್ತೆ. ಇರಿಂಗಾನಿಜಾ ಹೇಳಿದ್ದು, ಇವರು ಇಷ್ಟಕ್ಕಿಂತ ಮೇಲೆ ಬರಲೇಬಾರದು ಅಂತ. ಒಂದು ಕಾಲಿಟ್ಟು ಹತ್ತೋಕೆ ಮೆಟ್ಟಿಲು, ಇನ್ನೊಂದು ತಲೆ ಮೇಲಿಟ್ಟ ಮುಚ್ಚಳ. ಇಲ್ಲಿ ಅದಕ್ಕೆ ಹೋಲಿಕೆ ಬೇಕು ಅಂದರೆ ಮೀಸಲಾತಿ ಪಟ್ಟಿಯಲ್ಲಿ ಹುಡುಕಬೇಡಿ. ಅಗ್ರಹಾರದ ಬಾವಿಕಟ್ಟೆ ಹತ್ತಿರ ಹುಡುಕಿ.

ಈಗ ಅಗಾಥ್ ಅವರ ವಿಷಯಕ್ಕೆ ಬರ್ತೀನಿ. 1953ರ ಮೇ 23ರಂದು ದಕ್ಷಿಣದ ಬುಟಾರೆ ಜಿಲ್ಲೆಯ ನ್ಯಾರುಹೆಂಗೇರಿ ಅನ್ನೋ ಹಳ್ಳಿಯಲ್ಲಿ, ಹುಟು ರೈತ ಕುಟುಂಬದಲ್ಲಿ ಹುಟ್ಟಿದರು. ಓದಿ ಟೀಚರ್ ಆದರು. 1976ರಲ್ಲಿ ಮದುವೆ, ಐದು ಮಕ್ಕಳು. ಮಕ್ಕಳನ್ನು ಸಾಕ್ತಾನೇ ಓದು ಮುಂದುವರಿಸಿ 1985ರಲ್ಲಿ ವಿಜ್ಞಾನ ಪದವಿ ತಗೊಂಡರು, ಕೆಮಿಸ್ಟ್ರಿ ಪಾಠ ಮಾಡಿದರು. 1989ರಲ್ಲಿ ವಾಣಿಜ್ಯ ಇಲಾಖೆಗೆ ಅಧಿಕಾರಿಯಾಗಿ ಹೋದರು. ಒಡವೆ, ವಂಶ, ಮಂತ್ರಿಮಾವ ಯಾವುದೂ ಇಲ್ಲದ ಹೆಂಗಸು. ಕ್ಲಾಸ್‌ರೂಮಿನಿಂದ ಎದ್ದು ಬಂದವರು.

1990ರ ಅಕ್ಟೋಬರ್ 1ರಂದು ಯುದ್ಧ ಶುರುವಾಯಿತು. ಹೊರಗೆ ಓಡಿಹೋಗಿದ್ದ ಟುಟ್ಸಿಗಳ ಮಕ್ಕಳು ಕಟ್ಟಿದ ಆರ್‌ಪಿಎಫ್ ಅನ್ನೋ ಪಡೆ ಉಗಾಂಡದಿಂದ ಒಳನುಗ್ಗಿತು. ಕೆಲವೇ ದಿನಗಳಲ್ಲಿ ಸರ್ಕಾರ ಸಾವಿರಾರು ಜನರನ್ನು ಹಿಡಿದು ಒಳಗೆ ಹಾಕಿತು. ಅವರಿಗೆಲ್ಲ ಒಂದೇ ಹೆಸರು: ಇಬ್ಯಿತ್ಸೊ. ಶತ್ರುವಿನ ಜೊತೆಗಾರರು ಅಂತ. ಈ ಒಂದು ಪದವೇ ಮುಂದಿನ ಮೂರೂವರೆ ವರ್ಷ ದೇಶ ಆಳಿತು. ಟುಟ್ಸಿ ಆದರೆ ಹುಟ್ಟಿನಿಂದಲೇ ಜೊತೆಗಾರ. ಹುಟು ಆಗಿದ್ದು ಶಾಂತಿ ಮಾತಾಡಿದರೆ ಮಾತಿನಿಂದ ಜೊತೆಗಾರ. ಯುದ್ಧ ಬಂತು ಅಂದರೆ ಭಿನ್ನಾಭಿಪ್ರಾಯ ಅನ್ನೋದೇ ಇರಲ್ಲ, ದ್ರೋಹ ಮಾತ್ರ ಇರುತ್ತೆ. ನಮಗಿದು ಯಾರೂ ಹೇಳಿಕೊಡಬೇಕಿಲ್ಲ.

ಅದೇ ಡಿಸೆಂಬರ್‌ನಲ್ಲಿ "ಕಂಗುರಾ" ಅನ್ನೋ ಪತ್ರಿಕೆ ಹುಟುಗಳಿಗೆ ಹತ್ತು ಕಟ್ಟಳೆ ಅಂತ ಅಚ್ಚು ಹಾಕಿತು. ಮನುಸ್ಮೃತಿ ಓದಿದವರಿಗೆ ಆಶ್ಚರ್ಯ ಆಗಲ್ಲ, ಮೊದಲ ಕಟ್ಟಳೆಗಳೆಲ್ಲ ಹೆಂಗಸರ ಮೇಲೇ. ಟುಟ್ಸಿ ಹೆಣ್ಣನ್ನು ಮದುವೆಯಾದ, ಇಟ್ಟುಕೊಂಡ, ಸೆಕ್ರೆಟರಿ ಮಾಡಿಕೊಂಡ ಹುಟು ಗಂಡಸು ದ್ರೋಹಿ. ಕುಲದ ಗಡಿ ಕಾಯೋರು ಎಲ್ಲೇ ಇರಲಿ, ಬೇಲಿ ಹಾಕೋದು ಮೊದಲು ಹೆಂಗಸಿನ ಮೈ ಸುತ್ತ.

ಇಂಥ ಹೊತ್ತಲ್ಲಿ, 1992ರ ಏಪ್ರಿಲ್‌ನಲ್ಲಿ, ಬಹುಪಕ್ಷ ಸರ್ಕಾರ ಬಂದಾಗ ವಿರೋಧ ಪಕ್ಷ ಎಂಡಿಆರ್‌ನಿಂದ ಅಗಾಥ್ ಶಿಕ್ಷಣ ಮಂತ್ರಿ ಆದರು. ಪ್ರಾಥಮಿಕ, ಪ್ರೌಢ ಶಾಲೆಗಳು ಅವರ ಕೈಕೆಳಗೆ. ಕೂತ ಕೂಡಲೇ ಮಾಡಿದ ಕೆಲಸ, ಹೈಸ್ಕೂಲು ಸೀಟಿಗೆ ಗುರುತಿನ ಚೀಟಿ ನೋಡೋದನ್ನು ನಿಲ್ಲಿಸಿ ಪರೀಕ್ಷೆ ಅಂಕ ನೋಡಿ ಅಂದಿದ್ದು. ಟೀಚರ್ ಆಗಿ ವರ್ಷಗಟ್ಟಲೆ ತನ್ನ ಕ್ಲಾಸಿನ ಜಾಣ ಮಕ್ಕಳು ಮನೆಗೆ ಹೋಗೋದನ್ನು ನೋಡಿದವರು ಮಾಡೋ ಮೊದಲ ಕೆಲಸ ಇನ್ನೇನಿರುತ್ತೆ? ಕೆಲವೇ ವಾರಗಳಲ್ಲಿ ಆಯುಧ ಹಿಡಿದವರು ಅವರ ಮನೆಗೆ ನುಗ್ಗಿ ಹೊಡೆದರು. ಮಂತ್ರಿಗೆ, ಮನೆಯೊಳಗೆ. ಆಕೆ ರಾಜೀನಾಮೆ ಕೊಡಲಿಲ್ಲ, ಆದೇಶವನ್ನೂ ವಾಪಸ್ ತಗೊಳ್ಳಲಿಲ್ಲ.

1993ರ ಜುಲೈ ಮಧ್ಯದಲ್ಲಿ ಪಕ್ಷಗಳ ಜಗಳದ ನಡುವೆ ಆಕೆಯನ್ನು ಪ್ರಧಾನಿ ಮಾಡಿದರು. ಕಿರೀಟ ಅಂತ ತಿಳಿಯಬೇಡಿ, ಗಂಡಸರು ಒಬ್ಬರನ್ನೊಬ್ಬರು ತಡೆಯೋಕೆ ಮುಂದೆ ತಳ್ಳಿದ ಕುರ್ಚಿ ಅದು. ಅವರದೇ ಪಕ್ಷ ಅವರನ್ನು ಉಚ್ಚಾಟಿಸಿತು. ಮೂರು ವಾರ ತುಂಬೋದರೊಳಗೆ ಅಧ್ಯಕ್ಷ ಅವರನ್ನು ವಜಾ ಮಾಡಿದ, ಆದರೆ ಹೊಸ ಸರ್ಕಾರ ರಚನೆ ಆಗದೆ ಉಸ್ತುವಾರಿ ಪ್ರಧಾನಿಯಾಗಿ ಮುಂದುವರಿದರು. ಆಗಸ್ಟ್ 4ರಂದು ಅರುಷಾದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಎರಡೂ ಕಡೆಯವರು ಸೇರಿ ಸರ್ಕಾರ ಮಾಡಬೇಕು, ಸೈನ್ಯ ಒಂದಾಗಬೇಕು. ಆ ಒಪ್ಪಂದ ಜಾರಿಯಾಗೋವರೆಗೆ ದೇಶ ನಡೆಸೋ ಹೊಣೆ ಅಗಾಥ್ ಅವರ ತಲೆ ಮೇಲೆ. ಎಂಟು ತಿಂಗಳು ಪಕ್ಷ ಇಲ್ಲ, ಸೈನ್ಯ ಇಲ್ಲ, ಅಧ್ಯಕ್ಷನ ಬೆಂಬಲ ಇಲ್ಲ. ಕೈಯಲ್ಲಿದ್ದಿದ್ದು ಒಂದು ಸಹಿಯಾದ ಕಾಗದ.

ಆ ಎಂಟು ತಿಂಗಳು ಏನಾಯ್ತು ಅನ್ನೋದನ್ನು ನಾವು ಗಮನವಿಟ್ಟು ನೋಡಬೇಕು. ವ್ಯಂಗ್ಯಚಿತ್ರಗಳು. ಪ್ರಧಾನಿಯನ್ನು ಬೆತ್ತಲೆಯಾಗಿ, ಬೇರೆ ರಾಜಕಾರಣಿಗಳ ಜೊತೆ ಹಾಸಿಗೆಯಲ್ಲಿ ಬರೆದ ವ್ಯಂಗ್ಯಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾದವು. ಅದೇ ಜುಲೈನಲ್ಲಿ ಶುರುವಾದ ಆರ್‌ಟಿಎಲ್‌ಎಂ ರೇಡಿಯೊ ಒಳ್ಳೊಳ್ಳೆ ಹಾಡು ಹಾಕಿ, ನಡುನಡುವೆ ಜೋಕು ಹೇಳ್ತಾ, ಹೆಸರು ಹಿಡಿದು ಜನರನ್ನು ದ್ರೋಹಿ ಅಂತ ತೋರಿಸ್ತಿತ್ತು. ಸಾಯೋ ಕೆಲ ದಿನ ಮೊದಲು ಆಕೆ ದಕ್ಷಿಣದ ಸೇನಾಧಿಕಾರಿಗಳನ್ನು ಕಂಡಿದ್ದಕ್ಕೆ, ದಂಗೆಗೆ ಸಂಚು ಮಾಡ್ತಿದ್ದಾಳೆ ಅಂತ ಸುದ್ದಿ ಹಬ್ಬಿಸಿದರು.

ವಿರೋಧ ಪಕ್ಷದ ಗಂಡಸರನ್ನೂ ಬೈದರು, ಅವರನ್ನೂ ಕೊಂದರು, ಇಲ್ಲ ಅನ್ನಲ್ಲ. ಆದರೆ ಗಂಡಸಿಗೆ ಒಂದು ಬೈಗುಳ, ದ್ರೋಹಿ. ಹೆಂಗಸಿಗೆ ಎರಡು, ದ್ರೋಹಿ ಮತ್ತು ಸೂಳೆ. ಯುದ್ಧದಲ್ಲಿ ಈ ಎರಡೂ ಒಂದೇ ಪದ ಆಗಿಬಿಡುತ್ತೆ. ಶತ್ರು ಜೊತೆ ಮಾತುಕತೆ ಮಾಡಿ ಅಂದರೆ ಶತ್ರು ಜೊತೆ ಮಲಗಿದ್ದಾಳೆ ಅಂತ ಅರ್ಥ. ಅವಳು ಹೇಳಿದ ವಿಷಯಕ್ಕೆ ಉತ್ತರ ಕೊಡೋ ಕಷ್ಟವೇ ಇಲ್ಲ. ನನ್ನ ಪರಿಚಯದ ಒಬ್ಬ ಗ್ರಾಮ ಪಂಚಾಯ್ತಿ ಅಧ್ಯಕ್ಷೆ, ನಮ್ಮವರೇ, ನರೇಗಾ ಬಿಲ್ಲಿಗೆ ಸಹಿ ಹಾಕಲ್ಲ ಅಂದ ದಿನ ಅವರ ಬಗ್ಗೆ ಊರ ಅರಳಿಕಟ್ಟೆಯಲ್ಲಿ ಏನು ಮಾತಾಡಿದರು ಅನ್ನೋದು ನನಗೆ ಗೊತ್ತು. ಬಿಲ್ಲಿನ ಬಗ್ಗೆ ಒಬ್ಬನೂ ಮಾತಾಡಲಿಲ್ಲ.

1994ರ ಏಪ್ರಿಲ್ 6, ರಾತ್ರಿ ಎಂಟೂವರೆ ಹತ್ತಿರ. ಅಧ್ಯಕ್ಷ ಹಬ್ಯಾರಿಮಾನ ವಾಪಸ್ ಬರ್ತಿದ್ದ ವಿಮಾನವನ್ನು ರಾಜಧಾನಿ ಕಿಗಾಲಿಯಲ್ಲಿ ಇಳಿಯೋ ಹೊತ್ತಿಗೆ ಹೊಡೆದುರುಳಿಸಿದರು. ಜೊತೆಗಿದ್ದ ಬುರುಂಡಿ ಅಧ್ಯಕ್ಷರೂ ಸತ್ತರು. ಹೊಡೆದವರು ಯಾರು ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ, ಅದಕ್ಕೆ ನಾನು ಹೋಗಲ್ಲ. ಆ ರಾತ್ರಿ ಸೇನಾ ಕೇಂದ್ರದಲ್ಲಿ ಸಭೆ ಸೇರಿತು. ಯಜಮಾನಿಕೆ ವಹಿಸಿದವನು ಬಾಗೊಸೊರಾ ಅನ್ನೋ ನಿವೃತ್ತ ಕರ್ನಲ್. ವಿಶ್ವಸಂಸ್ಥೆ ಶಾಂತಿಪಡೆಯ ಮುಖ್ಯಸ್ಥ, ಕೆನಡಾದ ಜನರಲ್ ಡಲ್ಲೇರ್ ಅಲ್ಲಿದ್ದರು. ಅಧ್ಯಕ್ಷರು ಹೋದರೂ ದೇಶಕ್ಕೆ ಪ್ರಧಾನಿ ಇದ್ದಾರಲ್ಲ, ಅವರನ್ನು ಕೇಳಬೇಕು ಅಂತ ಡಲ್ಲೇರ್ ಹೇಳಿದರೆ ಬಾಗೊಸೊರಾ ಒಪ್ಪಲೇ ಇಲ್ಲ. ಅವಳ ಮಾತು ಯಾರೂ ಕೇಳಲ್ಲ, ಅವಳಿಗೆ ಅಧಿಕಾರವೇ ಇಲ್ಲ ಅನ್ನೋದು ಅವನ ವಾದ.

ಪ್ರಧಾನಿ ಇದ್ದಿದ್ದು ಅಲ್ಲೇ ಹತ್ತಿರದಲ್ಲಿ, ತನ್ನ ಮನೆಯಲ್ಲಿ. ಓಡಿಹೋಗಬಹುದಿತ್ತು. ಬೆಳಿಗ್ಗೆ ರೇಡಿಯೊ ರುವಾಂಡಾಗೆ ಹೋಗಿ ಜನರ ಜೊತೆ ಮಾತಾಡ್ತೀನಿ, ಶಾಂತವಾಗಿರಿ, ಸರ್ಕಾರ ಇದೆ ಅಂತ ಹೇಳ್ತೀನಿ ಅಂತ ಪಟ್ಟು ಹಿಡಿದರು. ರಾಜಧಾನಿ ತುಂಬ ಕೊಲೆಗಾರರು ಓಡಾಡ್ತಿರೋವಾಗ ಒಬ್ಬ ಟೀಚರ್‌ಗೆ ಹೊಳೆದಿದ್ದು ಮಾತಾಡಬೇಕು ಅಂತ. ಅದು ಬರೀ ಭೋಳೆತನ ಅಂತ ನನಗನ್ನಿಸಲ್ಲ. ಆ ಒಂದು ಮಾತು ರೇಡಿಯೊದಲ್ಲಿ ಬಂದಿದ್ದರೆ ಬಾಗೊಸೊರಾ ಗುಂಪು ಮಾಡ್ತಿರೋದು ದಂಗೆ ಅಂತ ಇಡೀ ದೇಶಕ್ಕೆ ಗೊತ್ತಾಗ್ತಿತ್ತು. ಅದಕ್ಕೇ ಅವರಿಗೆ ಆಕೆ ಬೆಳಗಾಗೋದರೊಳಗೆ ಬೇಕಿತ್ತು.

ಮನೆ ಕಾವಲಿಗೆ ಶಾಂತಿಪಡೆಯ 5 ಜನ ಘಾನಾ ಸೈನಿಕರಿದ್ದರು. ರೇಡಿಯೊ ಕೇಂದ್ರಕ್ಕೆ ಕರೆದೊಯ್ಯೋಕೆ 10 ಜನ ಬೆಲ್ಜಿಯಂ ಸೈನಿಕರು ಬೆಳಗಿನ ಜಾವ ಬಂದರು. ಅಷ್ಟರಲ್ಲಿ ಅಧ್ಯಕ್ಷನ ಅಂಗರಕ್ಷಕ ಪಡೆ ಮನೆ ಸುತ್ತುವರಿದಿತ್ತು, ರೇಡಿಯೊ ಕೇಂದ್ರವೂ ಅವರ ಕೈಲಿತ್ತು. ಮನೆಯೊಳಗಿಂದಲೇ ಆಕೆ ಫ್ರಾನ್ಸಿನ ರೇಡಿಯೊಗೆ ಫೋನಲ್ಲಿ ಮಾತಾಡಿದರು: ಗುಂಡು ಹಾರ್ತಿದೆ, ಜನ ಹೆದರಿದ್ದಾರೆ, ಮನೆಗಳಲ್ಲಿ ನೆಲದ ಮೇಲೆ ಮಲಗಿದ್ದಾರೆ ಅಂತ. ತನ್ನ ದೇಶದ ರೇಡಿಯೊದಲ್ಲಿ ಆಡೋಕೆ ಬಿಡದ ಮಾತನ್ನು ಬೇರೆ ದೇಶದ ರೇಡಿಯೊದಲ್ಲಿ ಆಡಿದರು. ಅವರ ಕೊನೆಯ ಸಾರ್ವಜನಿಕ ಮಾತು ಅದೇ.

ಬೆಲ್ಜಿಯಂ ಸೈನಿಕರನ್ನು ಆಯುಧ ಕೆಳಗಿಡಿಸಿ ಸೇನಾ ಶಿಬಿರಕ್ಕೆ ಒಯ್ದು ಹತ್ತೂ ಜನರನ್ನು ಹೊಡೆದು ಕೊಂದರು. ಘಾನಾದವರನ್ನು ಬಿಟ್ಟರು. ಇದರಲ್ಲೂ ಲೆಕ್ಕ ಇತ್ತು. ಮೂರು ತಿಂಗಳ ಹಿಂದೆಯೇ, ಜನವರಿ 11ರಂದು, ಕೆಲವು ಬೆಲ್ಜಿಯಂ ಸೈನಿಕರನ್ನು ಕೊಂದರೆ ಬೆಲ್ಜಿಯಂ ಹೊರಟುಹೋಗುತ್ತೆ ಅನ್ನೋ ಯೋಜನೆ ಇದೆ ಅಂತ ಡಲ್ಲೇರ್ ನ್ಯೂಯಾರ್ಕಿಗೆ ಫ್ಯಾಕ್ಸ್ ಕಳಿಸಿದ್ದರು. ಹಾಗೇ ಆಯಿತು. ಬೆಲ್ಜಿಯಂ ಹೋಯಿತು. ಏಪ್ರಿಲ್ 21ಕ್ಕೆ ಭದ್ರತಾ ಮಂಡಳಿ ಶಾಂತಿಪಡೆಯನ್ನು 270 ಜನಕ್ಕೆ ಇಳಿಸೋ ನಿರ್ಣಯ ಮಾಡಿತು.

ಅಗಾಥ್, ಗಂಡ, ಮಕ್ಕಳು ಹಿಂದಿನ ಗೋಡೆ ಹಾರಿ ಪಕ್ಕದ, ವಿಶ್ವಸಂಸ್ಥೆ ಕೆಲಸಗಾರರಿದ್ದ ವಠಾರಕ್ಕೆ ಹೋದರು. ಸೈನಿಕರು ಒಂದೊಂದೇ ಮನೆ ಹುಡುಕ್ತಾ ಬಂದರು. ಮಕ್ಕಳು ಬೇರೆ ಕಡೆ ಅಡಗಿದ್ದರು. ಹುಡುಕಾಟ ಮಕ್ಕಳವರೆಗೆ ಹೋಗಬಾರದು ಅಂತಲೇ ಗಂಡಹೆಂಡತಿ ತಾವಾಗಿ ಹೊರಬಂದರು ಅಂತ ಕಂಡವರು ಹೇಳಿದ್ದಾರೆ. ಇಬ್ಬರನ್ನೂ ಕೊಂದರು. ಆಕೆಗೆ ಗುಂಡು ಬಿದ್ದಿದ್ದು ಮುಖಕ್ಕೆ. ಆಮೇಲೆ ದೇಹಕ್ಕೆ ಏನು ಮಾಡಿದರು ಅನ್ನೋದು ಅಂತರರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪಿನಲ್ಲಿದೆ, ನಾನು ಇಲ್ಲಿ ಬರೆಯಲ್ಲ. ಕಾಗದದ ಮೇಲೆ ಅಷ್ಟು ದಿನ ಬಿಚ್ಚಿದ್ದನ್ನು ಆ ದಿನ ನೆಲದ ಮೇಲೆ ಬಿಚ್ಚಿದರು, ಅಷ್ಟು ಹೇಳಿದರೆ ಸಾಕು. ಆಕೆಗೆ ಆಗ 40 ವರ್ಷ.

ಹಾಗಾದರೆ ಕೊಂದವರು ಯಾರು? ಫಾರ್ವರ್ಡ್ ಹೇಳೋ "ಕೋಟಾದವರು" ಅಂದರೆ ಅಲ್ಲಿ ಅಧಿಕಾರ ಹಿಡಿದಿದ್ದವರು, ಬಹುಸಂಖ್ಯಾತರ ಹೆಸರು ಹೇಳಿಕೊಂಡು ಒಂದು ಮನೆತನ, ಒಂದು ಸೈನ್ಯ ನಡೆಸ್ತಿದ್ದವರು. ಆಕೆಯೂ ಹುಟು, ಕೊಂದವರೂ ಹುಟು. ಅದೇ ಬೆಳಿಗ್ಗೆ ಸಂವಿಧಾನ ನ್ಯಾಯಾಲಯದ ಅಧ್ಯಕ್ಷರನ್ನು ಕೊಂದರು. ಕೃಷಿ ಮಂತ್ರಿಯನ್ನು, ಆರ್‌ಟಿಎಲ್‌ಎಂ ರೇಡಿಯೊಗೆ ಎಚ್ಚರಿಕೆ ಕೊಟ್ಟಿದ್ದ ವಾರ್ತಾ ಮಂತ್ರಿಯನ್ನು, ಕಾರ್ಮಿಕ ಮಂತ್ರಿಯನ್ನು ಮನೆಮಂದಿ ಸಮೇತ ಕೊಂದರು. ತಡೆಯೋ ಹುದ್ದೆಯಲ್ಲಿದ್ದವರೆಲ್ಲ ಮುಗಿದ ಮೇಲೆ ತಮಗೆ ಬೇಕಾದ ಮಧ್ಯಂತರ ಸರ್ಕಾರ ಮಾಡಿಕೊಂಡು ನೂರು ದಿನ ಟುಟ್ಸಿಗಳನ್ನು ಕೊಂದರು. ವಿಶ್ವಸಂಸ್ಥೆ ಹೇಳೋ ಸಂಖ್ಯೆ 8 ಲಕ್ಷದಷ್ಟು, ರುವಾಂಡಾ ಸರ್ಕಾರ 10 ಲಕ್ಷಕ್ಕೂ ಮೇಲೆ ಅನ್ನುತ್ತೆ. ರಸ್ತೆ ತಡೆಗಳಲ್ಲಿ ಸಾವು ಬದುಕು ತೀರ್ಮಾನ ಮಾಡಿದ್ದು ಬೆಲ್ಜಿಯಂ ಕೊಟ್ಟ ಅದೇ ಗುರುತಿನ ಚೀಟಿ.

ಈಗ ಇನ್ನೊಬ್ಬ ಹೆಂಗಸಿನ ಬಗ್ಗೆ ಹೇಳ್ತೀನಿ. ಪಾಲಿನ್ ನ್ಯಿರಾಮಸುಹುಕೊ. ಅವಳದೂ ಬುಟಾರೆ ಜಿಲ್ಲೆ. 1992ರಲ್ಲಿ ಅಗಾಥ್ ಶಿಕ್ಷಣ ಮಂತ್ರಿ ಆದ ಸಂಪುಟದಲ್ಲೇ ಅವಳು ಕುಟುಂಬ ಮತ್ತು ಮಹಿಳಾ ಕಲ್ಯಾಣ ಮಂತ್ರಿ, ಆದರೆ ಅಧ್ಯಕ್ಷನ ಪಕ್ಷದವಳು. ಒಂದೇ ಜಿಲ್ಲೆ, ಒಂದೇ ಸಂಪುಟ, ಇಬ್ಬರು ಹೆಂಗಸರು. ಏಪ್ರಿಲ್ 7ರ ಬೆಳಿಗ್ಗೆ ಅವಳ ಮನೆಗೆ ಯಾರೂ ನುಗ್ಗಲಿಲ್ಲ. ಹೊಸ ಸರ್ಕಾರದಲ್ಲೂ ಮಹಿಳಾ ಕಲ್ಯಾಣ ಮಂತ್ರಿಯಾಗೇ ಮುಂದುವರಿದು, ಬುಟಾರೆಗೆ ಬಂದು, ಟುಟ್ಸಿ ಹೆಂಗಸರನ್ನು ಕೊಲ್ಲೋಕೆ ಮತ್ತು ಅತ್ಯಾಚಾರ ಮಾಡೋಕೆ ನಿಂತು ಹೇಳಿ ಮಾಡಿಸಿದಳು. ಜೊತೆಗೆ ಮಗನೂ ಇದ್ದ. 2011ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅವಳಿಗೆ ಜೀವಾವಧಿ ಕೊಟ್ಟಿತು, ಮೇಲ್ಮನವಿಯಲ್ಲಿ 47 ವರ್ಷ ಆಯಿತು. ನರಮೇಧಕ್ಕೆ ಅಂತರರಾಷ್ಟ್ರೀಯ ನ್ಯಾಯಮಂಡಳಿಯಿಂದ ಶಿಕ್ಷೆಯಾದ ಮೊದಲ ಹೆಂಗಸು.

"ಅಧಿಕಾರದಲ್ಲಿ ಹೆಂಗಸು ಇದ್ದರೆ ಸಾಕು" ಅಂತ ಸೆಮಿನಾರ್‌ಗಳಲ್ಲಿ ಹೇಳೋ ಅಕ್ಕಂದಿರಿಗೆ ನಾನು ಪಾಲಿನ್ ಹೆಸರು ಹೇಳ್ತಿರ್ತೀನಿ. ಯುದ್ಧದ ಹೊತ್ತಲ್ಲಿ ಕುರ್ಚಿಯಲ್ಲಿರೋ ಹೆಂಗಸಿಗೆ ಅಪಾಯ ಬರೋದು ಅವಳು ಹೆಂಗಸು ಅನ್ನೋ ಒಂದೇ ಕಾರಣಕ್ಕಲ್ಲ. ಹೆಂಗಸಾಗಿ ಇಲ್ಲ ಅಂದಿದ್ದಕ್ಕೆ. ಹೂಂ ಅಂದ ಪಾಲಿನ್‌ಗೆ ಬೆಂಗಾವಲು ಸಿಕ್ಕಿತು.

ಅದೇ ನ್ಯಾಯಮಂಡಳಿಯಲ್ಲಿ ಇನ್ನೊಬ್ಬ ಹೆಂಗಸು ಕೂತಿದ್ದರು, ಅವರನ್ನು ನೆನೆಯದೆ ಮುಂದೆ ಹೋಗಲಾರೆ. ನವನೀತಂ ಪಿಳ್ಳೈ. ದಕ್ಷಿಣ ಆಫ್ರಿಕಾದ ಡರ್ಬನ್ನಿನ ತಮಿಳು ಮೂಲದ ಬಸ್ ಡ್ರೈವರ್ ಮಗಳು, ವರ್ಣಭೇದದ ಕಾಲದಲ್ಲಿ ವಕೀಲಿಕೆ ಮಾಡಿದವರು. ಅಕಾಯೆಸು ಅನ್ನೋ ಮೇಯರ್ ಮೇಲಿನ ಕೇಸಿನ ಪೀಠದಲ್ಲಿ ಅವರೊಬ್ಬರೇ ಮಹಿಳೆ. ಮೊದಲಿನ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಸಾಕ್ಷಿ ಹೇಳೋಕೆ ಬಂದ ಹೆಂಗಸರು ಬೇರೆ ವಿಷಯ ಹೇಳ್ತಾ ಹೇಳ್ತಾ ಅದನ್ನು ಹೇಳಿದರು, ಪೀಠ ಬಿಡದೆ ಕೇಳಿತು, ಆರೋಪಪಟ್ಟಿ ತಿದ್ದುಪಡಿ ಆಯಿತು. 1998ರ ಸೆಪ್ಟೆಂಬರ್ 2ರ ಆ ತೀರ್ಪಿನಿಂದಲೇ ಅತ್ಯಾಚಾರವೂ ನರಮೇಧದ ಕೃತ್ಯ ಆಗಬಹುದು ಅನ್ನೋದು ಕಾನೂನಾಯಿತು. ಕೇಳೋ ಕಿವಿ ಪೀಠದ ಮೇಲೆ ಇರಬೇಕು ಅಂತ ನಾವು ಬಡಿದಾಡೋದು ಇದಕ್ಕೇ. ಬಾಗೊಸೊರಾಗೆ ಅಗಾಥ್ ಅವರ ಕೊಲೆಯೂ ಸೇರಿ 2008ರಲ್ಲಿ ಜೀವಾವಧಿ ಆಯಿತು. 2011ರಲ್ಲಿ 35 ವರ್ಷಕ್ಕೆ ಇಳಿಯಿತು. 2021ರಲ್ಲಿ ಸೆರೆಯಲ್ಲೇ ಸತ್ತ.

ಸರ್ಕಾರದ ಕಡೆಯವರು ಮಾತ್ರ ಹೀಗೆ ಮಾಡ್ತಾರೆ ಅಂತಲ್ಲ. ಇದನ್ನು ಹೇಳಿದರೆ ನಮ್ಮ ಕೆಲವು ಸಂಗಾತಿಗಳಿಗೆ ಸಿಟ್ಟು ಬರುತ್ತೆ, ಬರಲಿ. ಶ್ರೀಲಂಕಾದ ಯುದ್ಧದ ನಡುವೆ 1998ರಲ್ಲಿ ಸರೋಜಿನಿ ಯೋಗೇಶ್ವರನ್ ಯಾಳ್ಪಾಣದ ಮೊದಲ ಮಹಿಳಾ ಮೇಯರ್ ಆದರು. ಅವರ ಗಂಡನನ್ನು 1989ರಲ್ಲಿ ಎಲ್‌ಟಿಟಿಇ ಕೊಂದಿತ್ತು. ತಮಿಳರ ಊರಿಗೆ ನೀರು, ರಸ್ತೆ, ಚರಂಡಿ ನೋಡೋಕೆ ಒಬ್ಬ ತಮಿಳು ಹೆಂಗಸು ಮುಂದೆ ಬಂದರೆ, ಅದನ್ನೇ ಶತ್ರು ಸರ್ಕಾರಕ್ಕೆ ಮಾನ್ಯತೆ ಕೊಟ್ಟ ದ್ರೋಹ ಅಂದರು. ಮೇ 17ರಂದು ಮನೆಯಲ್ಲೇ ಗುಂಡು ಹೊಡೆದು ಕೊಂದರು. ಬಿಡುಗಡೆಯ ಬಾವುಟ ಹಿಡಿದವರ ಕೈಯಲ್ಲೂ ದ್ರೋಹಿ ಅನ್ನೋ ಮುದ್ರೆ ಇರುತ್ತೆ.

ಇವತ್ತಿನ ರುವಾಂಡಾದಲ್ಲಿ ಅಗಾಥ್ ರಾಷ್ಟ್ರವೀರರ ಪಟ್ಟಿಯಲ್ಲಿದ್ದಾರೆ. ಗುರುತಿನ ಚೀಟಿಯಿಂದ ಜನಾಂಗ ಹೋಯಿತು. ಸಂಸತ್ತಿನಲ್ಲಿ ಹೆಂಗಸರಿಗೆ ಕನಿಷ್ಠ 30 ಭಾಗ ಮೀಸಲು ಇದೆ. (ಫಾರ್ವರ್ಡ್ ಮಾಡಿದ ಮಹನೀಯರೇ, ಮೀಸಲು!) 2008ರಿಂದ ಕೆಳಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ. ಒಳ್ಳೆಯದೇ. ಆದರೆ 2017ರ ಮೇನಲ್ಲಿ ಡಯಾನ್ ರ್ವಿಗಾರಾ ಅನ್ನೋ ಮಹಿಳೆ ಅಧ್ಯಕ್ಷ ಕಗಾಮೆ ವಿರುದ್ಧ ಚುನಾವಣೆಗೆ ನಿಲ್ತೀನಿ ಅಂತ ಘೋಷಿಸಿದ ಕೆಲವೇ ದಿನಕ್ಕೆ, ಅವರದು ಅಂತ ಬೆತ್ತಲೆ ಫೋಟೊಗಳು ಇಂಟರ್ನೆಟ್ಟಲ್ಲಿ ಹರಿದಾಡಿದವು. ಆಮೇಲೆ ನಾಮಪತ್ರ ತಿರಸ್ಕಾರ, ಆಮೇಲೆ ಜೈಲು, 2018ರ ಡಿಸೆಂಬರ್‌ನಲ್ಲಿ ಖುಲಾಸೆ. ಯುದ್ಧ ಮುಗಿದು 20 ವರ್ಷ ದಾಟಿತ್ತು. ವ್ಯಂಗ್ಯಚಿತ್ರದ ಜಾಗಕ್ಕೆ ಫೋಟೊ ಬಂದಿತ್ತು.

ಹಾಸ್ಟೆಲಿನ ಹುಡುಗ ಕೊನೆಗೆ ಕೇಳಿದ್ದು ಕೋಟಾ ಬಗ್ಗೆ ಅಲ್ಲ. "ಅಕ್ಕಾ, ಆ ಮಕ್ಕಳೇನಾದವು?" ಅಂದ.

ಉಳಿದವು ಕಣೋ. ವಿಶ್ವಸಂಸ್ಥೆ ಪಡೆಯಲ್ಲಿ ಎಂಬಾಯ್ ಡಿಯಾನ್ ಅಂತ ಒಬ್ಬ ಕ್ಯಾಪ್ಟನ್ ಇದ್ದರು, ಸೆನೆಗಲ್ ದೇಶದವರು, ಆಯುಧ ಇಲ್ಲದ ವೀಕ್ಷಕ. ಅವರನ್ನು ಹೋಗು ಅಂತ ಯಾರೂ ಕಳಿಸಿರಲಿಲ್ಲ. ಸುದ್ದಿ ಕೇಳಿ ತಾವೇ ಆ ವಠಾರಕ್ಕೆ ಹೋಗಿ, ಅಡಗಿದ್ದ ಮಕ್ಕಳನ್ನು ಜೀಪಲ್ಲಿ ಕೂರಿಸಿಕೊಂಡು ರಸ್ತೆ ತಡೆಗಳನ್ನು ದಾಟಿಸಿ ಹೋಟೆಲಿಗೆ ಮುಟ್ಟಿಸಿದರು. ಅಲ್ಲಿಂದ ಮಕ್ಕಳು ದೇಶ ದಾಟಿ ಸ್ವಿಟ್ಜರ್ಲೆಂಡ್ ಸೇರಿದರು. ಆಮೇಲೂ ಆ ಕ್ಯಾಪ್ಟನ್ ಸುಮ್ಮನಿರಲಿಲ್ಲ, ಒಮ್ಮೆಗೆ ಮೂರು, ನಾಲ್ಕು, ಐದು ಜನರಂತೆ ಜೀಪಲ್ಲಿ ಸಾಗಿಸ್ತಾನೇ ಇದ್ದರು. ಚೆಕ್‌ಪೋಸ್ಟಿನವರಿಗೆ ಸಿಗರೇಟು ಕೊಟ್ಟು, ಜೋಕು ಹೇಳಿ ನಗಿಸಿ ದಾಟಿಬಿಡ್ತಿದ್ದರಂತೆ. ಮೇ 31ರಂದು ಒಂದು ಚೆಕ್‌ಪೋಸ್ಟಿನ ಬಳಿ ಅವರ ಗಾಡಿ ಹತ್ತಿರ ಶೆಲ್ ಬಿತ್ತು. ಇನ್ನೆರಡು ವಾರದಲ್ಲಿ ಊರಿಗೆ ಹೋಗೋರಿದ್ದರು.

ಜೈ ಭೀಮ್.